ಪ್ರಚಾರದ ಆಟೋ ಮೂಕವಾದ ವಾರ

ಕರೆಂಟು ಹೋದದ್ದೇ ತಡ, ಗೆರೆ ಬಿತ್ತು.

ಶಿವರಂಜನಿ ‘ಊ’ ಎಂದು ಹಿಡಿದ ದನಿಯನ್ನು ಇನ್ನೂ ಬಿಟ್ಟಿರಲಿಲ್ಲ. ಎದೆಯಲ್ಲಿ ಉಸಿರಿತ್ತು, ತುಟಿ ಮುಂದಕ್ಕೆ ಚಾಚಿಕೊಂಡೇ ಇತ್ತು. ಆದರೆ ಇಷ್ಟು ಹೊತ್ತು ಫೋನಿನ ತೆರೆಯ ಮೇಲೆ ನೂರ ತೊಂಬತ್ತಾರರಲ್ಲಿ ದಾರ ಬಿಗಿದು ಕಟ್ಟಿದ ಹಾಗೆ ನಿಂತಿದ್ದ ಗೆರೆ ಜಾರಿಬಂದು, ನೂರ ನಲವತ್ತೆಂಟರ ಆಸುಪಾಸಿನಲ್ಲಿ ನಡುಗತೊಡಗಿತು. ಫ್ಯಾನು ನಿಂತಿತು. ಒಳಮನೆಯ ಫ್ರಿಜ್ಜು ಒಮ್ಮೆ ಮೈ ಕೊಡವಿ ಸುಮ್ಮನಾಯಿತು. ಫೋನಿನ ಕೆಳಗಿದ್ದ ಶ್ರುತಿಪೆಟ್ಟಿಗೆಯ ಮೊರೆತವೂ ನಿಂತಿತು.

“ಬಿಡಬೇಡ, ಹಿಡಿ,” ಅಂದರು ಲಕ್ಷ್ಮೀದೇವಮ್ಮ, ಕಣ್ಣು ಮುಚ್ಚಿಕೊಂಡೇ.

ಅವಳು ಹಿಡಿದೇ ಇದ್ದಳು. ಗೆರೆ ಏಳಲಿಲ್ಲ. ಉಸಿರು ಮುಗಿದು ಬಾಯಿ ಮುಚ್ಚಿದಳು. ಗೆರೆ ಅಳಿಸಿಹೋಯಿತು. ಅಷ್ಟರಲ್ಲಿ ಕರೆಂಟು ಮರಳಿ ಬಂತು, ಫ್ಯಾನು ತಿರುಗಿತು, ಪೆಟ್ಟಿಗೆ ತನ್ನ ಪಾಡಿಗೆ ತಾನು ಮೊರೆಯಿತು. ಶಿವರಂಜನಿ ತುಟಿ ಬಿಗಿದುಕೊಂಡು ಕೂತಿರುವಾಗಲೇ ತೆರೆಯ ಮೇಲೆ ಹೊಸ ಗೆರೆಯೊಂದು ಹುಟ್ಟಿ, ನೂರ ತೊಂಬತ್ತಾರಕ್ಕೆ ಏರಿ, ಅಲುಗಾಡದೆ ನಿಂತಿತು.

“ಅಮ್ಮ, ಇದು ನಾನಲ್ಲ,” ಅಂದಳು.

ಲಕ್ಷ್ಮೀದೇವಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಪೆಟ್ಟಿಗೆ ಆರಿಸಿದರು, ಗೆರೆ ಹೋಯಿತು. ಹಾಕಿದರು, ಗೆರೆ ಬಂತು. ಶಿವರಂಜನಿ ಹಿಡಿಯುತ್ತಿದ್ದ ಕೆಳಗಿನ ಪಂಚಮ ಶ್ರುತಿಯೊಳಗೇ ಬೆರೆತು ಅವರ ಕಿವಿಯನ್ನೂ ಏಮಾರಿಸಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಂಗೀತ ಪಾಠ ಹೇಳಿ ನಿವೃತ್ತರಾದವರು. ಶ್ರುತಿ ಇಲ್ಲದೆ ಬಾಯಿ ತೆರೆಯುವುದೆಂದರೆ ಕುಂಕುಮ ಇಡದೆ ಬೀದಿಗೆ ಇಳಿದ ಹಾಗೆ ಅವರಿಗೆ. ಚಾರ್ಜರಿನ ವಯರು ಅಲ್ಲಿಯವರೆಗೆ ಮಾತ್ರ ಬರುತ್ತಿದ್ದುದರಿಂದ ಫೋನನ್ನು ಮೊದಲ ದಿನದಿಂದಲೂ ಪೆಟ್ಟಿಗೆಯ ನೆತ್ತಿಯ ಮೇಲೇ ಇಡುತ್ತಿದ್ದರು.

“ಹಾಗಾದ್ರೆ ಎರಡು ತಿಂಗಳಿಂದ ನಾನು ಪಾಠ ಹೇಳಿದ್ದು ಈ ಪೆಟ್ಟಿಗೆಗಾ?” ಅಂದರು. “ಒಳ್ಳೇ ಶಿಷ್ಯ. ಒಂದು ದಿನ ಅಪಸ್ವರ ಹಾಡ್ಲಿಲ್ಲ.”

ನಗಬೇಕೆಂದು ಶಿವರಂಜನಿಗೂ ಅನಿಸಿತು. ಮುಖ ಕೇಳಲಿಲ್ಲ. ದನಿಯ ಎತ್ತರವನ್ನು ಅಳೆದು ಗೆರೆಯಾಗಿ ತೋರಿಸುವ ಆ್ಯಪ್ ಅದು. ಕೆಳಗೆ ನೀಲಿ ಪಟ್ಟಿ, ಮೇಲೆ ಗುಲಾಬಿ ಪಟ್ಟಿ, ನಡುವೆ ಬೂದುಬಣ್ಣದ ಓಣಿ. ಹೆಣ್ಣಾಗಿ ಬದುಕಲು ಹೊರಟ ತನ್ನಂಥವರು ನೀಲಿಯಿಂದ ಹೊರಟು ಓಣಿ ದಾಟಿ ಗುಲಾಬಿಗೆ ಹತ್ತಬೇಕು. ಎರಡು ತಿಂಗಳಿಂದ ತಾನು ಗುಲಾಬಿಯಲ್ಲೇ ಕಾಲು ಚಾಚಿ ಕೂತಿದ್ದೇನೆ ಎಂದುಕೊಂಡಿದ್ದಳು. ರಾತ್ರಿ ಮಲಗುವ ಮುಂಚೆ ಆ ಗೆರೆಯ ಚಿತ್ರಗಳನ್ನು ತೆರೆದು ನೋಡಿ ನಿದ್ದೆ ಹೋಗುತ್ತಿದ್ದಳು. ಅವೆಲ್ಲ ಪೆಟ್ಟಿಗೆಯ ಫೋಟೋಗಳು.

“ಅಳೋದಾದ್ರೆ ಅತ್ತುಬಿಡು, ಆಮೇಲೆ ಕಾಫಿ ಮಾಡ್ತೀನಿ,” ಅಂದರು ಲಕ್ಷ್ಮೀದೇವಮ್ಮ. “ರಾಗದ ಹೆಸರಿಟ್ಕೊಂಡಿದ್ದೀಯ, ದನಿ ಎಲ್ಲಿಗೆ ಹೋಗುತ್ತೆ? ಬರುತ್ತೆ.”

ಅವರಿಬ್ಬರ ಪರಿಚಯವಾದದ್ದು ತಿ. ನರಸೀಪುರದ ತಾಲ್ಲೂಕು ಕಚೇರಿಯ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ. ಶಿವರಂಜನಿ ಅಲ್ಲಿ ಕೆಲಸಕ್ಕಿದ್ದಳು. ಹಳೆಯ ಕೀರ್ತನೆ ಪುಸ್ತಕವೊಂದನ್ನು ಪ್ರತಿ ಮಾಡಿಸಲು ಬಂದ ಲಕ್ಷ್ಮೀದೇವಮ್ಮ ಅವಳ ಮಾತನ್ನು ಒಂದು ನಿಮಿಷ ಕೇಳಿಸಿಕೊಂಡು, “ಯಾಕಮ್ಮ ಹಾಗೆ ಗಂಟಲು ಹಿಸುಕ್ಕೊಂಡು ಮಾತಾಡ್ತೀಯ? ನೋಯಲ್ವಾ?” ಎಂದಿದ್ದರು. ಮೈಸೂರಿನಲ್ಲಿ ದನಿ ಬದಲಿಸುವುದನ್ನು ಕ್ರಮವಾಗಿ ಹೇಳಿಕೊಡುವವರಿದ್ದರು. ವಾರವಾರ ಅಲ್ಲಿಗೆ ಹೋಗಲು ರಜೆ ಇರಲಿಲ್ಲ. ಇಲ್ಲಿ ಭಾನುವಾರ ಸಾಕು.

ಕಾಫಿ ಬರುವ ಮುಂಚೆಯೇ ಪೆಟ್ಟಿಗೆಯ ಮೇಲೆ ಫೋನು ರಿಂಗಾಯಿತು. ನಂಜನಗೂಡಿನಿಂದ ಅವ್ವ, ಮಂಗಳಮ್ಮ.

“ಮಗ, ನಾನೊಂದು ಕೆಲ್ಸ ಕೆಡಿಸ್ಬುಟ್ಟೆ ಕಣವ್ವ.”

“ಏನಾಯ್ತವ್ವ?”

“ನಿಮ್ಮಪ್ಪನ ಅಂಗಿ ಜೊತೆ ಆಟೋದ ಪೆನ್‌ಡ್ರೈವ್ನೂ ಒಗ್ದಾಕ್ಬುಟ್ಟೆ. ಸೋಪಿನ ನೊರೇಲಿ ನೆನೆಸಿ, ಕಲ್ಲಿಗೆ ಬ್ಯಾರೆ ಬಡಿದೆ. ಮೂರು ದಿನದಿಂದ ಆಟೋ ಉಸುರೇ ಬಿಡ್ತಿಲ್ಲ.”

“ಜೇಬು ನೋಡ್ಲಿಲ್ವಾ?”

“ಮರ್ತೋಯ್ತು.”

ಮಂಗಳಮ್ಮ ಜೇಬು ನೋಡದೆ ಅಂಗಿ ಒಗೆದವಳಲ್ಲ. ಬಸ್ಸಿನ ಟಿಕೇಟು, ವಿಭೂತಿಯ ಪೊಟ್ಟಣ, ಅರ್ಧ ಅಗಿದಿಟ್ಟ ಬೇರಿನ ಚೂರು, ಯಾವುದನ್ನೂ ಈ ಜನ್ಮದಲ್ಲಿ ನೆನೆಸಿದವಳಲ್ಲ. ಆ ಕಡೆ ಅವ್ವ ದನಿ ತಗ್ಗಿಸಿದಳು.

“ಬುಧವಾರ ಮಧ್ಯಾನ್ನ ನಿಮ್ಮಪ್ಪ ರೆಕಾರ್ಡಿಂಗ್ ಅಮೃತೇಶನ ತಾವ್ಕೆ ಓಯ್ತಾವ್ನೆ. ಒಸ್ದು ಮಾಡಿಸ್ಬೇಕಂತೆ. ಯಾರ ದನೀಲಿ ಅಂತ ಏಳ್ಲಿಲ್ಲ, ನಾನೂ ಕೇಳ್ಲಿಲ್ಲ. ಬಂದ್ರೆ ಬಾ. ಬರ್ದಿದ್ರೂ ಸರಿ. ನಾನೇನೂ ಏಳಿಲ್ಲ.”

ಅಪ್ಪ ಬೆಟ್ಟಸ್ವಾಮಿಯದು ಪ್ರಚಾರದ ಆಟೋ. ನೆತ್ತಿಯ ಮೇಲೆ ಎರಡು ಹಾರ್ನ್ ಸ್ಪೀಕರು ಕಟ್ಟಿಕೊಂಡು ನಂಜನಗೂಡಿನ ಬೀದಿಗಳಲ್ಲಿ, ಹುಲ್ಲಹಳ್ಳಿ, ಕಳಲೆ, ತಗಡೂರಿನ ದಾರಿಗಳಲ್ಲಿ ಸುತ್ತುತ್ತದೆ. ಸೀರೆಗಳ ರಿಯಾಯಿತಿ, ನಾಳೆ ನೀರು ಬರುವುದಿಲ್ಲ ಎಂಬ ಸುದ್ದಿ, ಕಣ್ಣಿನ ತಪಾಸಣೆ ಶಿಬಿರ, ಕಳೆದುಹೋದ ಹಸು, ಯಾರದೋ ಸಾವು, ಎಲ್ಲವೂ ಆ ಹಾರ್ನಿನಿಂದಲೇ. ಒಂದು ಕಾಲಕ್ಕೆ ಬೆಟ್ಟಸ್ವಾಮಿಯೇ ಮೈಕು ಹಿಡಿದು ಕೂಗುತ್ತಿದ್ದ. ಕೂಗಿ ಕೂಗಿ ಗಂಟಲಲ್ಲಿ ಗಂಟು ಕಟ್ಟಿತು. ಇನ್ನು ಕೂಗಿದರೆ ಇರುವುದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಆಗ ಅವನ ಮನೆಯಲ್ಲಿ ಹತ್ತೊಂಬತ್ತು ತುಂಬಿದ, ತುಂಬು ಗಂಟಲಿನ ಮಗನೊಬ್ಬ ಇದ್ದ. ಅಮೃತೇಶನ ರೆಕಾರ್ಡಿಂಗ್ ರೂಮಿನಲ್ಲಿ ನಿಲ್ಲಿಸಿ ಅವನಿಂದ ಒಂದು ಸಾಲು ಹೇಳಿಸಿ ಪೆನ್‌ಡ್ರೈವಿಗೆ ತುಂಬಿಸಿಕೊಂಡರು:

“ಬಂಧುಗಳೇ, ತಾಯಂದಿರೇ, ಒಂದು ನಿಮಿಷ ಇತ್ತ ಗಮನ ಕೊಡಿ.”

ಸುದ್ದಿ ದಿನಕ್ಕೊಂದು, ಅದನ್ನು ಯಾರಾದರೂ ಹೇಳಲಿ. ಮೊದಲ ಕೂಗು ಮಾತ್ರ ಅದೇ. ಆ ಸಾಲು ಕೇಳಿದರೆ ಅಂಗಳ ಗುಡಿಸುವವಳು ಪೊರಕೆ ನಿಲ್ಲಿಸುತ್ತಿದ್ದಳು. ಮಕ್ಕಳು ಅದೇ ರಾಗದಲ್ಲಿ ಅಣಕಿಸುತ್ತಿದ್ದರು.

ಎರಡು ವರ್ಷದ ಹಿಂದೆ ಶಿವರಂಜನಿ ತಾನು ಯಾರೆಂದು ಮನೆಯಲ್ಲಿ ಹೇಳಿ, ಹೆಸರು ಬದಲಾಯಿಸಿಕೊಂಡು, ಬ್ಯಾಗು ಎತ್ತಿಕೊಂಡು ಹೊರಟಾಗ ಅಪ್ಪ ಬೈಯಲಿಲ್ಲ, ತಡೆಯಲೂ ಇಲ್ಲ. ಮಾತು ಬಿಟ್ಟ. ಗಂಟಲು ಸರಿಯಿಲ್ಲ ಎಂಬ ನೆಪ ಅವನಿಗೆ ಯಾವತ್ತೂ ಕೈಗೆಟುಕುವಲ್ಲೇ ಇತ್ತು. ಆದರೆ ಆ ಸಾಲನ್ನು ಆಟೋದಿಂದ ತೆಗೆಯಲಿಲ್ಲ. ಪಾಠ ಶುರುವಾಗುವ ಮುಂಚೆ ಒಮ್ಮೆ ಅವ್ವನನ್ನು ಗುಟ್ಟಾಗಿ ನೋಡಲು ಬಂದವಳು ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಆ್ಯಪ್ ತೆರೆದು ಮೆಲ್ಲಗೆ ಅಭ್ಯಾಸ ಮಾಡುತ್ತ ನಿಂತಿದ್ದಾಗ ಆ ಆಟೋ ಬಂತು. “ಬಂಧುಗಳೇ, ತಾಯಂದಿರೇ.” ಫೋನಿನಲ್ಲಿ ನೂರ ಹನ್ನೆರಡರ ಗೆರೆ, ನೀಲಿಯ ನಟ್ಟನಡುವೆ, ದಪ್ಪಗೆ. ತನ್ನದೇ ಹಳೆಯ ಗಂಟಲು ತಲೆಯ ಮೇಲೆ ಹಾದುಹೋಗುವಾಗ ಅವಳು ಬಸ್ಸಿನ ಮರೆಗೆ ಸರಿದು ನಿಂತಳು. ಆವತ್ತೇ ಅವಳಿಗೆ ಗೊತ್ತಾದದ್ದು: ಹಾರ್ನಿನೊಳಗೆ ಮಗ ಇರುವವರೆಗೂ ಅಪ್ಪನಿಗೆ ಮಗಳ ಅಗತ್ಯವಿಲ್ಲ.

ಇವತ್ತಿನ ತನ್ನ ದನಿಯಲ್ಲಿ ಆ ಸಾಲು ಆ ಹಾರ್ನಿನಿಂದ ಬರಬೇಕು. ಅಷ್ಟೇ ಬೇಕಿದ್ದದ್ದು. ಅವ್ವ ಅದಕ್ಕೆ ಜಾಗ ತೆರವು ಮಾಡಿಕೊಟ್ಟಿದ್ದಳು, ಒಗೆಯುವ ಕಲ್ಲಿನ ಮೇಲೆ. ಜಾಗ ಸಿಕ್ಕ ದಿನವೇ ಕೈಯಲ್ಲಿದ್ದ ನೂರ ತೊಂಬತ್ತಾರು ಕಳೆದುಹೋಗಿತ್ತು.

ಸೋಮವಾರ, ಮಂಗಳವಾರ ಸಂಜೆಯೂ ಪಾಠ ನಡೆಯಿತು. ಪೆಟ್ಟಿಗೆಗೆ ಲಕ್ಷ್ಮೀದೇವಮ್ಮ ಒಂದು ಟವಲು ಹೊದಿಸಿ ಮೂಲೆಗೆ ಇಟ್ಟಿದ್ದರು. ಶ್ರುತಿಯಿಲ್ಲದೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಹುರುಳಿಕಾಯಿ ತಂದು ನಾರು ತೆಗೆಯತೊಡಗಿದರು.

“ಎದೇಲಿ ಕೂಗಬೇಡ. ಮೇಲಿನ ಹಲ್ಲಿನ ಹಿಂದೆ ಜಾಗ ಇದೆಯಲ್ಲ, ಅಲ್ಲಿ ಇಡು. ಹೇಳು.”

“ಬಂಧುಗಳೇ, ತಾಯಂದಿರೇ, ಒಂದು ನಿಮಿಷ ಇತ್ತ ಗಮನ ಕೊಡಿ.”

ನೂರ ಎಪ್ಪತ್ತಕ್ಕೆ ಎದ್ದ ಗೆರೆ ‘ಕೊಡಿ’ಗೆ ಬರುವಷ್ಟರಲ್ಲಿ ನೂರ ಮೂವತ್ತಕ್ಕೆ ಬಿತ್ತು. ಪ್ರತಿ ಸಲವೂ ಅಲ್ಲೇ. ಸಾಲಿನ ಕೊನೆಯಲ್ಲಿ ಹಳೆಯವನು ಕಾದು ಕೂತಿದ್ದು ಕಾಲು ಹಿಡಿದು ಎಳೆಯುತ್ತಿದ್ದ.

“ಅಂಗಡೀಲಿ ಜನ ನಿನ್ನ ಏನಂತ ಕರೀತಾರೆ?” ಲಕ್ಷ್ಮೀದೇವಮ್ಮ ಕಾಯಿ ಮುರಿಯುತ್ತ ಕೇಳಿದರು.

“ಅಕ್ಕ ಅಂತಾರೆ. ಮೇಡಂ ಅಂತಾನೂ.”

“ಮೊದಲಿಂದ್ಲೂನಾ?”

ಅವಳು ಯೋಚಿಸಿದಳು. “ಈಗೊಂದು ತಿಂಗಳಿಂದ.”

“ಅವರೇನು ನನ್ನ ಪೆಟ್ಟಿಗೆ ಕೇಳಿ ಅಂದ್ರಾ?”

ಶಿವರಂಜನಿ ಫೋನನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ‘ಕೊಡಿ’ ಅಂದಳು. ನೂರ ಮೂವತ್ತೈದು.

ಬುಧವಾರ ನಂಜನಗೂಡಿನ ಬಸ್ಸಿನಲ್ಲಿ ಕಂಡಕ್ಟರು “ಎಲ್ಲಿಗಮ್ಮ?” ಅಂದ. ಅವಳು ಹೇಳಿದಳು. ಹೆಂಗಸರಿಗೆ ಕೊಡುವ ಉಚಿತ ಟಿಕೇಟು ಹರಿದು ಕೈಗಿಟ್ಟು, ಗುರುತಿನ ಕಾರ್ಡು ಕೇಳದೆ ಮುಂದಿನ ಸೀಟಿಗೆ ಹೋದ. ಟಿಕೇಟನ್ನು ಮಡಿಸಿ ಪರ್ಸಿಗೆ ಹಾಕಿಕೊಂಡಳು. ಕಪಿಲೆಯ ಸೇತುವೆ ದಾಟುವವರೆಗೂ ಕಿಟಕಿಗೆ ಮುಖ ಮಾಡಿ ‘ಕೊಡಿ, ಕೊಡಿ’ ಎಂದು ಗೊಣಗುತ್ತಿದ್ದವಳನ್ನು ಪಕ್ಕದ ಮುದುಕಿ ನೋಡಿ, ಏನು ಬೇಕಾಗಿದೆಯೋ ಎಂದು ಕಡಲೆಕಾಯಿಯ ಪೊಟ್ಟಣ ಮುಂದೆ ಹಿಡಿದಳು.

ಅಮೃತೇಶನ ರೆಕಾರ್ಡಿಂಗ್ ರೂಮು ಬಜಾರಿನ ಹಿಂದಿನ ಬೀದಿಯಲ್ಲಿ, ಪಾತ್ರೆ ಅಂಗಡಿಯ ಮೇಲೆ. ಕೆಳಗೆ ಆಟೋ ನಿಂತಿತ್ತು, ಎರಡು ಹಾರ್ನುಗಳು ಬಾಯಿ ತೆರೆದುಕೊಂಡು. ಮೆಟ್ಟಿಲು ಹತ್ತಿದಳು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು ಅಮೃತೇಶ. ಬಾಗಿಲಲ್ಲಿ ಅವಳನ್ನು ಕಂಡು, “ಬಾರ್ಲಾ,” ಅಂದುಬಿಟ್ಟು ನಾಲಗೆ ಕಚ್ಚಿಕೊಂಡ. “ಬನ್ನಿ, ಬನ್ನಿ.”

“ಹತ್ತು ವರ್ಷ ಬಾಯಿಗೆ ಬಂದಂಗೆ ಬೈದು ಈಗ ಬನ್ನಿ ಅಂದ್ರೆ ನಗು ಬತ್ತದೆ, ಅಮೃತಿ. ಬಾ ಅನ್ನು ಸಾಕು.”

“ಬಾ ಹಂಗಾದ್ರೆ,” ಅಂದ ಅವನು, ಹಗುರಾಗಿ.

ಒಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಪ್ಪ ಕೂತಿದ್ದ. ಎರಡು ವರ್ಷದಲ್ಲಿ ಕಿವಿಯ ಮೇಲಿನ ಕೂದಲೆಲ್ಲ ಬೆಳ್ಳಗಾಗಿತ್ತು. ಅವಳ ಚೂಡಿದಾರ ನೋಡಲಿಲ್ಲ, ಮುಖ ನೋಡಲಿಲ್ಲ, ಚಪ್ಪಲಿ ನೋಡಿದ. ಅವಳು ಗೋಡೆಗೊರಗಿ ನಿಂತಳು. ಯಾರೂ ಯಾರನ್ನೂ ಯಾಕೆ ಬಂದೆ ಎಂದು ಕೇಳಲಿಲ್ಲ.

“ಯಾರ ದನೀಲಿ ಮಾಡವ ಅಣ್ಣ?” ಅಂದ ಅಮೃತೇಶ, ಕಂಪ್ಯೂಟರಿನ ಕಡೆಗೇ ಕಣ್ಣಿಟ್ಟು.

ಕೆಳಗಿನ ಅಂಗಡಿಯಲ್ಲಿ ಪಾತ್ರೆ ಬಿದ್ದು ಉರುಳಿದ ಸದ್ದಾಯಿತು. ಬೆಟ್ಟಸ್ವಾಮಿ ಅಂಗಿಯ ಜೇಬಿಗೆ ಕೈ ಹಾಕಿ ಅತಿಮಧುರದ ಬೇರೊಂದನ್ನು ತೆಗೆದ. ಗಂಟಲಿಗೆಂದು ಅವನು ದಿನವೂ ಅಗಿಯುವುದು ಅದನ್ನೇ. ಮೊದಲೆಲ್ಲ ಮೈಕಿನ ಮುಂದೆ ನಿಲ್ಲುವ ಮುಂಚೆ ಅವಳಿಗೂ ಒಂದು ಚೂರು ಕೊಡುತ್ತಿದ್ದ. ಬೇರನ್ನು ಎರಡಾಗಿ ಮುರಿದು, ಒಂದು ಚೂರನ್ನು ಅವಳ ಕಡೆಗೆ ಚಾಚಿದ.

“ನೋಡವ,” ಅಂದ. ಮರಳಿನ ಮೇಲೆ ಎಳೆದ ಹಾಗಿತ್ತು ಅವನ ದನಿ. “ಆರ್ನ್‌ನಲ್ಲಿ ನಿಲ್ಬೇಕು. ನಿಲ್ಲದಿದ್ರೆ ಇಲ್ಲ.”

ಬೇರು ಅಗಿಯುತ್ತ ಅವಳು ಗಾಜಿನ ಒಳಕೋಣೆಗೆ ಹೋದಳು. ಬಾಯಿತುಂಬ ಆ ಹಳೆಯ ಸಿಹಿ. ಮೈಕಿನ ಆಚೆ ಅಮೃತೇಶನ ತೆರೆ ಕಾಣುತ್ತಿತ್ತು. ಅದರಲ್ಲೂ ದನಿಯ ಎತ್ತರ ತೋರಿಸುವ ಗೆರೆಯಿತ್ತು, ಅವಳ ಫೋನಿನದಕ್ಕಿಂತ ದೊಡ್ಡದಾಗಿ.

“ಬಂಧುಗಳೇ, ತಾಯಂದಿರೇ, ಒಂದು ನಿಮಿಷ ಇತ್ತ ಗಮನ ಕೊಡಿ.”

‘ಕೊಡಿ’ ಬಿತ್ತು. ಇನ್ನೊಮ್ಮೆ. ಬಿತ್ತು. ಮೂರನೆಯ ಸಲ ಗಂಟಲು ಬಿಗಿದು, ದನಿ ಸೀಳಿತು.

“ಇರು, ಇದ್ಕೆಲ್ಲಾ ಯಾಕೆ ಒದ್ದಾಟ,” ಅಂದ ಅಮೃತೇಶ. ಮೌಸು ಎರಡು ಸಲ ಒತ್ತಿ, ಅವಳದೇ ದನಿಯನ್ನು ಯಂತ್ರದಲ್ಲಿ ಮೇಲಕ್ಕೆತ್ತಿ ಕೇಳಿಸಿದ. ಗೆರೆಯೇನೋ ಇನ್ನೂರ ಇಪ್ಪತ್ತರಲ್ಲಿ ನೆಟ್ಟಗೆ ಕೂತಿತು. ಆದರೆ ಕೇಳಿಸಿದ್ದು ಅಂಗನವಾಡಿಯ ಮಗುವೊಂದು ತಗಡಿನ ಡಬ್ಬಿಯೊಳಗಿಂದ ಸೀರೆ ಮಾರುತ್ತಿರುವ ಹಾಗೆ. ಅಮೃತೇಶನಿಗೇ ನಗು ಬಂತು. ಶಿವರಂಜನಿಯೂ ನಕ್ಕಳು, ಭಾನುವಾರದಿಂದ ಮೊದಲ ಸಲ.

“ಅಳಿಸು ಅದ್ನ,” ಅಂದಳು.

ನಗುವಿನಿಂದ ಗಂಟಲು ಸಡಿಲವಾಗಿತ್ತು. ಮತ್ತೆ ಮೈಕಿಗೆ ತಿರುಗುವಾಗ ಅಪ್ಪ ಕುರ್ಚಿಯಿಂದ ಎದ್ದು ಬಂದು ಗಾಜಿನ ಬಾಗಿಲನ್ನು ಅರ್ಧ ತೆರೆದು ನಿಂತಿದ್ದ. ಮಾತು ಹೊರಡಿಸಲು ಒಮ್ಮೆ ಕೆಮ್ಮಬೇಕಾಯಿತು.

“ಕೊಡಿ ಅನ್ನೋದ್ನ ನುಂಗ್ತಾ ಇದ್ದೀಯ. ಆಗ್ಲೂ ನುಂಗ್ತಿದ್ದೆ. ಮುಂದಕ್ಕೆ ಎಸಿ. ಊರಾಚೆ ಗದ್ದೇಲಿ ಬಗ್ಗಿರೋಳು ಸೊಂಟ ನೆಟ್ಟಗೆ ಮಾಡಿ ನೋಡ್ಬೇಕು.”

ಅವಳ ಹತ್ತೊಂಬತ್ತರಲ್ಲೂ ಇದೇ ಜಾಗದಲ್ಲಿ, ಇದೇ ಬಾಗಿಲು ಹಿಡಿದು, ಇದೇ ಮಾತು ಹೇಳಿದ್ದ. ಆಗ ಅವಳಿಗೆ ಗದ್ದೆಯಲ್ಲಿ ಬಗ್ಗಿದವಳು ಕಂಡಿರಲಿಲ್ಲ. ಈಗ ಕಂಡಳು: ಹುಲ್ಲಹಳ್ಳಿಯ ನಾಲೆಯ ಪಕ್ಕ, ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ಪೈರಿನ ಕಟ್ಟು. ಅವಳಿಗೆ ಕೇಳಬೇಕು. ಶಿವರಂಜನಿ ತೆರೆಯಿಂದ ಕಣ್ಣು ತೆಗೆದು ಅವಳಿಗೆ ಹೇಳಿದಳು. ‘ಕೊಡಿ’ ಬಾಯಿಂದ ಹೊರಟು, ಬೀಳದೆ, ಮುಂದೆ ಹೋಯಿತು.

ಮುಗಿದ ಮೇಲೆ ನೋಡಿದಳು. ಕೊನೆಯಲ್ಲಿ ನೂರ ಐವತ್ತೆಂಟು. ಬೂದುಬಣ್ಣದ ಓಣಿ. ಗುಲಾಬಿಗೆ ಇನ್ನೂ ಏಳೆಂಟು ಮೆಟ್ಟಿಲು ಬಾಕಿ.

“ಇನ್ನೊಂದು ಸಲ,” ಅಂದಳು.

“ಸಾಕು,” ಅಂದ ಅಪ್ಪ. “ಆರ್ನ್‌ನಲ್ಲಿ ನೋಡವ.”

ರೂಮಿನ ಸ್ಪೀಕರಿನಲ್ಲಿ ಕೇಳಿದ್ದನ್ನು ಬೆಟ್ಟಸ್ವಾಮಿ ಯಾವ ಕಾಲಕ್ಕೂ ನಂಬಿದವನಲ್ಲ. ಒಳಗೆ ಜೇನಿನಂತಿದ್ದ ದನಿ ಬೀದಿಗೆ ಬಂದರೆ ತಗಡಾಗುವುದನ್ನು ಎಷ್ಟೋ ಕಂಡಿದ್ದ. ಹೊಸ ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಅದನ್ನು ಜೇಬಿಗಿಳಿಸದೆ ಮುಷ್ಟಿಯಲ್ಲೇ ಹಿಡಿದು ಮೆಟ್ಟಿಲಿಳಿದ. ಅವಳು ಹಿಂದೆ ಹಿಂದೆ ಇಳಿದಳು. ಅಂಪ್ಲಿಫೈಯರಿಗೆ ಚುಚ್ಚಿ, ಗುಂಡಿ ತಿರುಗಿಸಿ, ಆಟೋದಿಂದ ಹತ್ತು ಮಾರು ದೂರ ಹೋಗಿ, ಬೀದಿಯ ನಡುವೆ ಬೆನ್ನು ಮಾಡಿ ನಿಂತ. ಅದು ಅವನ ಪದ್ಧತಿ. ಹಾರ್ನಿಗೆ ಮುಖ ಕೊಟ್ಟು ಕೇಳಬಾರದು. ಹೋಗುತ್ತಿರುವವನು ತಿರುಗಿ ನೋಡುವಂತಿರಬೇಕು.

ಅವಳ ದನಿ ಬೀದಿಗೆ ಬಂತು.

“ಬಂಧುಗಳೇ, ತಾಯಂದಿರೇ, ಒಂದು ನಿಮಿಷ ಇತ್ತ ಗಮನ ಕೊಡಿ.”

ಹಾರ್ನು ಎದೆಯ ಭಾರವನ್ನೆಲ್ಲ ಸೋಸಿ ತೆಗೆದುಬಿಟ್ಟಿತ್ತು. ಉಳಿದದ್ದು ತೆಳ್ಳಗೆ, ತುಸು ಒರಟಾಗಿ, ಎಲ್ಲೂ ಕಾಲು ಜಾರದೆ ಬೀದಿಯ ಕೊನೆಯವರೆಗೆ ಹೋಯಿತು. ಹೂವಿನ ಬುಟ್ಟಿಯ ಮುಂದೆ ಕೂತಿದ್ದ ಸಣ್ಣತಾಯಮ್ಮ ಕಟ್ಟುತ್ತಿದ್ದ ದಾರವನ್ನು ಹಲ್ಲಲ್ಲಿ ಹಿಡಿದೇ ತಲೆಯೆತ್ತಿದಳು.

“ಯಾರ್ಲಾ ಬೆಟ್ಟಸ್ವಾಮಿ ಇವ್ಳು, ಒಸಬ್ಳು?” ಅಂದಳು. “ಮೊದ್ಲಿದ್ದ ಉಡ್ಗ ಏನಾದ?”

ಬೆಟ್ಟಸ್ವಾಮಿ ಆಟೋಗೆ ಮರಳಿ ಬಂದು ಮತ್ತೆ ಅದೇ ಸಾಲು ಹಾಕಿದ. ಮತ್ತೆ ಹತ್ತು ಮಾರು ನಡೆದು ಬೆನ್ನು ಮಾಡಿ ನಿಂತ. ಶಿವರಂಜನಿಗೆ ಅವನ ಮುಖ ಕಾಣುತ್ತಿರಲಿಲ್ಲ. ಅಂಗಿಯ ಬೆನ್ನು, ಬೆಳ್ಳಗಾದ ಕೂದಲು, ಹಿಂದೆ ಕಟ್ಟಿಕೊಂಡ ಕೈಗಳು ಮಾತ್ರ. ಕೈಬೆರಳು ಏನನ್ನೋ ಎಣಿಸುವ ಹಾಗೆ ಒಂದನ್ನೊಂದು ತಡವುತ್ತಿದ್ದವು. ಅವಳ ಫೋನು ಪರ್ಸಿನಲ್ಲೇ ಇತ್ತು. ತೆಗೆಯಬೇಕೆಂದು ಅವಳಿಗೆ ನೆನಪಾಗಲಿಲ್ಲ.

ಅಷ್ಟರಲ್ಲಿ ಮೇಲಿನ ಕಿಟಕಿ ತೆರೆಯಿತು. ಅಮೃತೇಶ ಅರ್ಧ ಮೈ ಹೊರಗೆ ಹಾಕಿದ. ಒಳ್ಳೆಯ ಸುದ್ದಿ ತಂದವನ ಮುಖ.

“ಅಣ್ಣಾ, ಹಳೇದು ಸಿಕ್ತು. ಹಳೇ ಕಂಪ್ಯೂಟರ್‌ನಲ್ಲಿ ಒಂದು ಕಾಪಿ ಉಳ್ಕಂಡಿತ್ತು. ಅದೇ ದನಿ, ಒಂಚೂರೂ ಕೆಟ್ಟಿಲ್ಲ. ಊರಿಗೆಲ್ಲ ಗುರುತಿರೋ ದನಿ ಅಲ್ವಾ? ಅದ್ನೇ ಹಾಕ್ಕೊಡ್ಲಾ?”

ಬೀದಿಯಲ್ಲಿ ಒಂದು ಸ್ಕೂಟರು ಹೋಯಿತು. ಶಿವರಂಜನಿ ಆಟೋದ ಕಂಬಿ ಹಿಡಿದುಕೊಂಡಳು. ಬಾಯಲ್ಲಿದ್ದ ಬೇರಿನ ನಾರು ಸಿಹಿಯೆಲ್ಲ ಬಿಟ್ಟು ಬರೀ ನಾರಾಗಿತ್ತು.

ಬೆಟ್ಟಸ್ವಾಮಿ ತಿರುಗಿದ. ಕಿಟಕಿಯತ್ತ ತಲೆಯೆತ್ತಿ, ಕೂಗಬೇಡ ಎಂದು ಡಾಕ್ಟರು ಹೇಳಿದ್ದ ಗಂಟಲಲ್ಲೇ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದ:

“ಬ್ಯಾಡ.”